ದಶಕ ಬದಲಾದ ರಾತ್ರಿ ಹಾಡೂ ಬದಲಾಯಿತೇ?

ಪ್ರಶ್ನೆ: ನನಗೀಗ ಐವತ್ತೆರಡು ವರ್ಷ. ಹೈಸ್ಕೂಲಿನ ದಿನಗಳಿಂದಲೂ ಇಂಗ್ಲಿಷ್ ಪಾಪ್ ಹಾಡುಗಳ ಹುಚ್ಚು. ಗೆಳೆಯರ ಬಳಗದಲ್ಲಿ ‘ದಶಕದ ಹೊಸ್ತಿಲಲ್ಲಿ ಗೆದ್ದ ಹಾಡುಗಳು’ ಎಂಬ ಎರಡು ಗಂಟೆಯ ಕಾರ್ಯಕ್ರಮ ನಡೆಸಿಕೊಡಲು ಒಪ್ಪಿಕೊಂಡಿದ್ದೇನೆ. 1980, 1990, 2000, 2010 ಮತ್ತು 2020, ಈ ಐದು ತಿರುವುಗಳಲ್ಲಿ ಅಮೆರಿಕದಲ್ಲಿ ಜನಪ್ರಿಯವಾಗಿದ್ದ ಹಾಡುಗಳನ್ನು ಕೇಳಿಸಿ ಎರಡು ಮಾತು ಆಡಬೇಕು. ಆದರೆ ಪಟ್ಟಿ ಮಾಡಲು ಕುಳಿತರೆ ಒಂದೊಂದು ಕಡೆ ಒಂದೊಂದು ಹೆಸರು ಸಿಗುತ್ತಿದೆ. 1990ಕ್ಕೆ ಒಂದು ಪಟ್ಟಿ ಫಿಲ್ ಕಾಲಿನ್ಸ್ ಎನ್ನುತ್ತದೆ, ಇನ್ನೊಂದು ವಿಲ್ಸನ್ ಫಿಲಿಪ್ಸ್ ಎನ್ನುತ್ತದೆ. 2020ರ ದಶಕದ ಮೊದಲ ಅಗ್ರ ಹಾಡು ಎಂದು 1994ರ ಕ್ರಿಸ್‌ಮಸ್ ಹಾಡೊಂದನ್ನು ತೋರಿಸುತ್ತಾರೆ, ಇದು ಮುದ್ರಣದೋಷವೇ? 1979ರ ಕೊನೆಗೆ ಡಿಸ್ಕೊ ಸತ್ತುಹೋಗಿ, 1980ರಿಂದ ಬೇರೆಯೇ ಸಂಗೀತ ಶುರುವಾಯಿತೆಂದು ಓದಿದ್ದೇನೆ. ಹಾಗೆಂದು ಧೈರ್ಯವಾಗಿ ಹೇಳಬಹುದೇ? ಕೊನೆಯದಾಗಿ, 2000ದಿಂದ ಈಚಿನ ಹಾಡುಗಳಲ್ಲಿ ಒಂದೂ ನನ್ನ ಮನಸ್ಸಿಗೆ ಹತ್ತುತ್ತಿಲ್ಲ. ಹಾಡುಗಳೇ ಕೆಟ್ಟಿವೆಯೋ, ನನ್ನ ಕಿವಿಗೆ ವಯಸ್ಸಾಗಿದೆಯೋ? ತಪ್ಪು ಮಾಹಿತಿ ಕೊಟ್ಟು ನಗೆಪಾಟಲಾಗುವ ಭಯ ನನ್ನದು.

ಉತ್ತರ: ಮೊದಲು ಸಮಾಧಾನದ ಮಾತು. ನೀವು ನೋಡಿದ ಪಟ್ಟಿಗಳು ಒಂದಕ್ಕೊಂದು ಒಪ್ಪದಿದ್ದರೂ ಬಹುಮಟ್ಟಿಗೆ ಎಲ್ಲವೂ ಸರಿಯೇ. ಅವು ಉತ್ತರಿಸುತ್ತಿರುವ ಪ್ರಶ್ನೆಗಳು ಬೇರೆ ಬೇರೆ, ಅಷ್ಟೆ. ರೇಡಿಯೊ ಕಾರ್ಯಕ್ರಮಗಳಿಗೆ ಹಾಡು ಆರಿಸಿಕೊಡುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಪ್ರತಿ ಹತ್ತು ವರ್ಷಕ್ಕೊಮ್ಮೆ ಡಿಸೆಂಬರ್ ಬರುತ್ತಿದ್ದಂತೆ ‘ದಶಕದ ತಿರುವು’ ಎಂಬ ವಿಶೇಷ ಕಾರ್ಯಕ್ರಮಕ್ಕೆ ಬೇಡಿಕೆ ಬರುತ್ತದೆ. ಪ್ರತಿ ಸಲವೂ ಇದೇ ಗೊಂದಲ ಎದುರಾಗುತ್ತದೆ. ಅದರ ಬೇರು ಹಾಡುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಅವನ್ನು ಅಳೆಯುವ ಪಟ್ಟಿಯಲ್ಲಿದೆ. ಆದ್ದರಿಂದ ಪಟ್ಟಿಯಿಂದಲೇ ಆರಂಭಿಸುತ್ತೇನೆ.

ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ಹಾಟ್ 100 ಎಂಬ ವಾರದ ಪಟ್ಟಿ 1958ರ ಆಗಸ್ಟ್‌ನಲ್ಲಿ ಶುರುವಾಯಿತು. ಒಂದು ವಾರದಲ್ಲಿ ಯಾವ ಹಾಡಿನ ಮುದ್ರಿಕೆ ಎಷ್ಟು ಮಾರಾಟವಾಯಿತು, ರೇಡಿಯೊದಲ್ಲಿ ಎಷ್ಟು ಪ್ರಸಾರವಾಯಿತು ಎಂಬುದನ್ನು ಸೇರಿಸಿ ಕಟ್ಟಿದ ಪಟ್ಟಿ ಅದು. ಇಲ್ಲಿ ನೀವು ನೆನಪಿಡಬೇಕಾದ ಒಂದು ಸಂಗತಿಯೆಂದರೆ, ಪಟ್ಟಿಯ ಮೇಲೆ ಅಚ್ಚಾಗುವ ದಿನಾಂಕ ಯಾವಾಗಲೂ ಮುಂದಿನದು. ವಾರಪತ್ರಿಕೆಗಳು ಅಂಗಡಿಯಲ್ಲಿ ಹೊಸದಾಗಿ ಕಾಣಲೆಂದು ಮುಂದಿನ ದಿನಾಂಕ ಹಾಕಿಕೊಳ್ಳುವ ಹಳೆಯ ರೂಢಿ ಇದು. ಹೀಗಾಗಿ 1980ರ ಜನವರಿ 5ರ ಪಟ್ಟಿಯಲ್ಲಿ ಇರುವುದು 1979ರ ಡಿಸೆಂಬರ್‌ನ ಕೇಳ್ಮೆ. 2020ರ ಜನವರಿ 4ರ ಪಟ್ಟಿಯಲ್ಲಿ ಇರುವುದು 2019ರ ಡಿಸೆಂಬರ್ ಕೊನೆಯ ಕೇಳ್ಮೆ. ‘ಹೊಸ ದಶಕದ ಮೊದಲ ಅಗ್ರ ಹಾಡು’ ಎಂದು ನಾವು ಸಡಗರದಿಂದ ಹೇಳುವುದು ವಾಸ್ತವದಲ್ಲಿ ಹಳೆಯ ದಶಕದ ಕೊನೆಯ ಲೆಕ್ಕ. ಅದರ ಮೇಲೆ ಡಿಸೆಂಬರ್ ಕೊನೆಯ ವಾರಗಳಲ್ಲಿ ಹೊಸ ಮುದ್ರಿಕೆಗಳು ಹೆಚ್ಚಾಗಿ ಬಿಡುಗಡೆಯಾಗುವುದಿಲ್ಲ, ರೇಡಿಯೊ ನಿಲಯಗಳಲ್ಲಿ ಹಾಡು ಆರಿಸುವವರು ರಜೆಯಲ್ಲಿರುತ್ತಾರೆ, 1980ರ ದಶಕದಲ್ಲಂತೂ ವರ್ಷದ ಕೊನೆಯ ವಾರ ಹೊಸ ಪಟ್ಟಿಯನ್ನೇ ಮಾಡದೆ ಹಿಂದಿನ ವಾರದ್ದನ್ನೇ ಮುಂದುವರಿಸುತ್ತಿದ್ದರು. ವರ್ಷದ ಐವತ್ತೆರಡು ವಾರಗಳಲ್ಲಿ ಕಾಲದ ನಾಡಿಮಿಡಿತ ಅತ್ಯಂತ ಮಂದವಾಗಿ ಸಿಗುವ ವಾರ ಜನವರಿಯ ಮೊದಲನೆಯದು. ನಾವು ದಶಕದ ತಿರುವೆಂದು ಗುರುತು ಹಾಕಿಕೊಂಡಿರುವುದು ಸರಿಯಾಗಿ ಅದನ್ನೇ!

ಇನ್ನು ನಿಮ್ಮ 1990ರ ಒಗಟು. ಫಿಲ್ ಕಾಲಿನ್ಸ್ ಅವರ ‘ಅನದರ್ ಡೇ ಇನ್ ಪ್ಯಾರಡೈಸ್’ 1989ರ ಡಿಸೆಂಬರ್ 23ರ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿ ನಾಲ್ಕು ವಾರ ಅಲ್ಲೇ ಇತ್ತು. ಆದ್ದರಿಂದ 1980ರ ದಶಕದ ಕೊನೆಯ ಮತ್ತು 1990ರ ದಶಕದ ಮೊದಲ ಅಗ್ರ ಹಾಡು ಎರಡೂ ಅದೇ. ವಿಲ್ಸನ್ ಫಿಲಿಪ್ಸ್ ತಂಡದ ‘ಹೋಲ್ಡ್ ಆನ್’ 1990ರ ಜೂನ್‌ನಲ್ಲಿ ಒಂದೇ ಒಂದು ವಾರ ಅಗ್ರಸ್ಥಾನದಲ್ಲಿತ್ತು. ಆದರೂ ಆ ವರ್ಷದ ಒಟ್ಟು ಪಟ್ಟಿಯಲ್ಲಿ ಮೊದಲನೆಯದಾಯಿತು. ವಾರದ ಪಟ್ಟಿ ಒಂದು ಕ್ಷಣದ ಛಾಯಾಚಿತ್ರವಾದರೆ ವರ್ಷದ ಪಟ್ಟಿ ಜಮಾಖರ್ಚಿನ ಪುಸ್ತಕ. ನಿಧಾನವಾಗಿ ಏರಿ ನಿಧಾನವಾಗಿ ಇಳಿದ ಹಾಡು ಶಿಖರದಲ್ಲಿ ಹೆಚ್ಚು ಹೊತ್ತು ನಿಲ್ಲದಿದ್ದರೂ ಒಟ್ಟು ಲೆಕ್ಕದಲ್ಲಿ ಗೆಲ್ಲುತ್ತದೆ. 2000ದಲ್ಲಿ ಇದು ಇನ್ನೂ ವಿಚಿತ್ರವಾಗಿ ಕಾಣಿಸಿತು. ಫೇತ್ ಹಿಲ್ ಅವರ ‘ಬ್ರೀದ್’ ಒಂದು ವಾರವೂ ಅಗ್ರಸ್ಥಾನಕ್ಕೆ ಬರಲಿಲ್ಲ, ಎರಡನೆಯ ಸ್ಥಾನಕ್ಕೇ ನಿಂತಿತು. ಆದರೆ ಐವತ್ತಮೂರು ವಾರ ಪಟ್ಟಿಯಲ್ಲಿ ಉಳಿದು ವರ್ಷದ ಮೊದಲ ಹಾಡು ಎನ್ನಿಸಿಕೊಂಡಿತು. ಮರುವರ್ಷ ಲೈಫ್‌ಹೌಸ್ ತಂಡದ ಹಾಡೊಂದಕ್ಕೂ ಹೀಗೇ ಆಯಿತು.

ವರ್ಷದ ಪಟ್ಟಿಗೂ ಅದರದೇ ಆದ ಒಂದು ಕುಂದಿದೆ. ಅದರ ‘ವರ್ಷ’ ಜನವರಿಯಿಂದ ಡಿಸೆಂಬರ್‌ವರೆಗಿನದಲ್ಲ. ಸುಮಾರಾಗಿ ಹಿಂದಿನ ನವೆಂಬರ್ ಕೊನೆಯಿಂದ ಈ ನವೆಂಬರ್‌ವರೆಗಿನದು. ಮುದ್ರಣಕ್ಕೆ ಸಮಯ ಬೇಕಲ್ಲ. ಅಕ್ಟೋಬರ್‌ನಲ್ಲಿ ಮೇಲೇರುವ ಹಾಡು ಇದರಿಂದ ಎರಡು ತುಂಡಾಗುತ್ತದೆ. ಸಂಟಾನಾ ಮತ್ತು ರಾಬ್ ಥಾಮಸ್ ಅವರ ‘ಸ್ಮೂತ್’ 1999ರ ಅಕ್ಟೋಬರ್ 23ರಿಂದ 2000ದ ಜನವರಿ 8ರವರೆಗೆ ಹನ್ನೆರಡು ವಾರ ಅಗ್ರಸ್ಥಾನದಲ್ಲಿತ್ತು. ಆ ಚಳಿಗಾಲದಲ್ಲಿ ಅದನ್ನು ಕೇಳಿಸಿಕೊಳ್ಳದೆ ತಪ್ಪಿಸಿಕೊಂಡವರು ಕಡಿಮೆ. ಆದರೂ 1999ರ ಮೊದಲ ಹಾಡು ಅದಲ್ಲ, ಶೆರ್ ಅವರ ‘ಬಿಲೀವ್’. 2000ದ ಮೊದಲ ಹಾಡೂ ಅದಲ್ಲ, ‘ಬ್ರೀದ್’. ಎರಡು ಸಹಸ್ರಮಾನಗಳ ನಡುವೆ ಸೇತುವೆಯಾಗಿ ನಿಂತ ಹಾಡು ಎರಡು ವರ್ಷಗಳ ಪುಸ್ತಕದಲ್ಲೂ ಮೊದಲ ಸಾಲಿಗೆ ಬರಲಿಲ್ಲ. ದಶಕದ ಹೊಸ್ತಿಲಿನ ಹಾಡುಗಳನ್ನೇ ಹುಡುಕುವವರು ವರ್ಷದ ಪಟ್ಟಿಯನ್ನು ಮಾತ್ರ ನೆಚ್ಚಿಕೊಂಡರೆ ತಾವು ಹುಡುಕುತ್ತಿರುವುದನ್ನೇ ಕಳೆದುಕೊಳ್ಳುವುದು ಹೀಗೆ.

ಇದಕ್ಕಿಂತ ದೊಡ್ಡ ತೊಡಕು ಅಳತೆಗೋಲೇ ಬದಲಾಗುತ್ತಾ ಬಂದದ್ದು. 1991ಕ್ಕೆ ಮೊದಲು ಅಂಗಡಿಯವರು ಫೋನಿನಲ್ಲಿ ಹೇಳಿದ ಮಾರಾಟದ ಅಂದಾಜು, ರೇಡಿಯೊ ನಿಲಯಗಳು ಕೊಟ್ಟ ತಮ್ಮ ಪ್ರಸಾರದ ಪಟ್ಟಿ ಇವೇ ಆಧಾರ. ಹೇಳುವವರ ಒಲವುಗಳು ಅದರಲ್ಲಿ ನುಸುಳುತ್ತಿದ್ದವು. ರ‍್ಯಾಪ್ ಮತ್ತು ಕಂಟ್ರಿ ಸಂಗೀತಕ್ಕೆ ಇದ್ದಷ್ಟು ಬಲ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. 1991ರ ಮೇ ತಿಂಗಳಲ್ಲಿ ಆಲ್ಬಂ ಪಟ್ಟಿಗೂ ನವೆಂಬರ್ 30ರಂದು ಹಾಟ್ 100 ಪಟ್ಟಿಗೂ ‘ಸೌಂಡ್‌ಸ್ಕ್ಯಾನ್’ ವ್ಯವಸ್ಥೆ ಬಂದು, ಗಲ್ಲಾಪೆಟ್ಟಿಗೆಯಲ್ಲಿ ಬಾರ್‌ಕೋಡ್ ಓದಿದ ನಿಜವಾದ ಮಾರಾಟವೇ ಎಣಿಕೆಗೆ ಸಿಕ್ಕಿತು. ಅಂದಿನಿಂದ ಹಾಡುಗಳು ಪಟ್ಟಿಯಲ್ಲಿ ಬಹಳ ಕಾಲ ನಿಲ್ಲತೊಡಗಿದವು. ಕೇಳುಗರಿಗೆ ಹಾಡು ಬೇಗ ಬೇಸರವಾಗುವುದಿಲ್ಲ ಎಂಬುದು ಅಂಗಡಿಯವರಿಗೆ ಗೊತ್ತಿರಲಿಲ್ಲ, ಯಂತ್ರಕ್ಕೆ ಗೊತ್ತಾಯಿತು.

ಇನ್ನೊಂದು ನಿಯಮವಂತೂ ಇಡೀ ಒಂದು ಕಾಲಘಟ್ಟದ ನೆನಪನ್ನೇ ತಿರುಚಿತು. ಅಂಗಡಿಯಲ್ಲಿ ಬಿಡಿ ಮುದ್ರಿಕೆಯಾಗಿ, ಅಂದರೆ ಸಿಂಗಲ್ ಆಗಿ ಮಾರಾಟಕ್ಕೆ ಬಾರದ ಹಾಡಿಗೆ 1998ರ ಡಿಸೆಂಬರ್‌ವರೆಗೆ ಹಾಟ್ 100ರಲ್ಲಿ ಪ್ರವೇಶವೇ ಇರಲಿಲ್ಲ. ಇಡೀ ಆಲ್ಬಂ ಮಾರಾಟವಾಗಲಿ ಎಂದು ಕಂಪನಿಗಳು ಸಿಂಗಲ್ ಬಿಡುವುದನ್ನೇ ನಿಲ್ಲಿಸಿದವು. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ ರೇಡಿಯೊ ಪ್ರಸಾರದ ಪಟ್ಟಿಯಲ್ಲಿ ಹದಿನಾರು ವಾರ ಮೊದಲ ಸ್ಥಾನದಲ್ಲಿತ್ತು; ಹಾಟ್ 100ರಲ್ಲಿ ಅದರ ಹೆಸರೇ ಇಲ್ಲ. ನಾಳೆ ಯಾರಾದರೂ ಬರೀ ಪಟ್ಟಿ ನೋಡಿ ತೊಂಬತ್ತರ ದಶಕದ ಚರಿತ್ರೆ ಬರೆದರೆ ಅಂಥ ಹಾಡೊಂದು ಇತ್ತೆಂದೇ ತಿಳಿಯುವುದಿಲ್ಲ.

ಈಗ ನಿಮ್ಮ ‘ಮುದ್ರಣದೋಷ’ಕ್ಕೆ ಬರೋಣ. ಮರಾಯಾ ಕ್ಯಾರಿ ಅವರ ‘ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯು’ 1994ರಲ್ಲಿ ಬಂದಾಗ ಅಮೆರಿಕದ ಅಂಗಡಿಗಳಿಗೆ ಸಿಂಗಲ್ ಆಗಿ ಬರಲಿಲ್ಲ. ಆದ್ದರಿಂದ ಪಟ್ಟಿಯ ಬಾಗಿಲು ಅದಕ್ಕೆ ಮುಚ್ಚಿತ್ತು. ನಿಯಮ ಸಡಿಲವಾದ ಮೇಲೆ ಅದು ಹಾಟ್ 100ರಲ್ಲಿ ಮೊದಲ ಸಲ ಕಾಣಿಸಿಕೊಂಡದ್ದು 2000ದ ಜನವರಿ 8ರಂದು, 83ನೆಯ ಸ್ಥಾನದಲ್ಲಿ. ಆಮೇಲೆ 2005ರಲ್ಲಿ ಡೌನ್‌ಲೋಡ್‌ಗಳು ಎಣಿಕೆಗೆ ಸೇರಿದವು, ಮುಂದೆ ಸ್ಟ್ರೀಮಿಂಗ್ ಸೇರಿತು, 2013ರಲ್ಲಿ ಯೂಟ್ಯೂಬ್ ನೋಟಗಳೂ ಸೇರಿದವು. ಮುದ್ರಿಕೆಯನ್ನು ಒಬ್ಬ ಒಮ್ಮೆ ಕೊಂಡರೆ ಒಂದು ಲೆಕ್ಕ. ಅವನು ಮನೆಯಲ್ಲಿ ನೂರು ಸಲ ಹಾಕಿಕೊಂಡದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಟ್ರೀಮಿಂಗ್ ಬಂದ ಮೇಲೆ ಪ್ರತಿ ಕೇಳ್ಮೆಯೂ ಲೆಕ್ಕ. ಪ್ರತಿ ಡಿಸೆಂಬರ್‌ನಲ್ಲೂ ಕೋಟ್ಯಂತರ ಜನ ಹಾಕಿಕೊಳ್ಳುವ ಹಾಡಿಗೆ ಇದರಿಂದ ಆನೆಬಲ ಬಂತು. 2019ರ ಡಿಸೆಂಬರ್ 21ರ ಪಟ್ಟಿಯಲ್ಲಿ ಅದು ಅಗ್ರಸ್ಥಾನಕ್ಕೇರಿ 2020ರ ಜನವರಿ 4ರವರೆಗೆ ಉಳಿಯಿತು. ನಾಲ್ಕು ಬೇರೆ ಬೇರೆ ದಶಕಗಳಲ್ಲಿ ಅಗ್ರಸ್ಥಾನ ಪಡೆದ ಮೊದಲ ಕಲಾವಿದೆ ಎಂಬ ದಾಖಲೆ ಕ್ಯಾರಿ ಅವರದಾಯಿತು. ಒಂದೇ ಹಾಡು ಎರಡು ದಶಕಗಳ ಹೊಸ್ತಿಲಲ್ಲಿ ನಿಂತಿದೆ, ಒಮ್ಮೆ 83ನೆಯದಾಗಿ, ಒಮ್ಮೆ ಮೊದಲನೆಯದಾಗಿ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಹಾಡಿನ ಒಂದು ಸ್ವರವೂ ಬದಲಾಗಿಲ್ಲ. ನಿಮ್ಮ ಕಾರ್ಯಕ್ರಮದಲ್ಲಿ ಇದೊಂದು ಕಥೆಯನ್ನು ಹೇಳಿದರೂ ಸಾಕು, ಕೇಳುಗರಿಗೆ ಪಟ್ಟಿಯ ಒಳಮರ್ಮ ತಿಳಿಯುತ್ತದೆ.

ಡಿಸ್ಕೊ ವಿಷಯಕ್ಕೆ ಬರುತ್ತೇನೆ. ‘1979ರ ಕೊನೆಗೆ ಡಿಸ್ಕೊ ಸತ್ತಿತು’ ಎಂದು ದಯವಿಟ್ಟು ಹೇಳಬೇಡಿ. ಈ ದಂತಕಥೆಯ ಹಿಂದೆ ಒಂದು ನಿಜವಾದ ಘಟನೆ ಇದೆ. 1979ರ ಜುಲೈ 12ರ ರಾತ್ರಿ ಶಿಕಾಗೊದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವಿನ ವಿರಾಮದಲ್ಲಿ, ರೇಡಿಯೊ ನಿರೂಪಕ ಸ್ಟೀವ್ ಡಾಲ್ ಅವರ ಮುಂದಾಳತ್ವದಲ್ಲಿ ಡಿಸ್ಕೊ ಮುದ್ರಿಕೆಗಳ ರಾಶಿಯೊಂದನ್ನು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಎರಡನೆಯ ಪಂದ್ಯ ನಡೆಯಲೇ ಇಲ್ಲ. ಕಪ್ಪು ಜನರ, ಲ್ಯಾಟಿನೊಗಳ ಮತ್ತು ಸಲಿಂಗಿಗಳ ನೃತ್ಯಶಾಲೆಗಳಲ್ಲಿ ಬೆಳೆದ ಸಂಗೀತದ ಮೇಲಿನ ಆ ಸಿಟ್ಟು ಬರೀ ರುಚಿಭೇದದ್ದಾಗಿರಲಿಲ್ಲ ಎಂದು ಅನೇಕರು ಬರೆದಿದ್ದಾರೆ. ನನ್ನ ಅಭಿಪ್ರಾಯವೂ ಅದೇ. ಆದರೆ ಪಟ್ಟಿ ಏನು ಹೇಳುತ್ತದೆ ನೋಡಿ. ಸ್ಫೋಟದ ಎರಡು ದಿನಗಳ ನಂತರದ ಪಟ್ಟಿಯಿಂದ ಹಿಡಿದು ಐದು ವಾರ ಅಗ್ರಸ್ಥಾನದಲ್ಲಿದ್ದವರು ಡಿಸ್ಕೊದ ರಾಣಿ ಎನ್ನಿಸಿಕೊಂಡ ಡೊನಾ ಸಮ್ಮರ್. ಅವರ ನಂತರ ಬಂದದ್ದು ಶೀಕ್ ತಂಡದ ‘ಗುಡ್ ಟೈಮ್ಸ್’. 1980ರ ಒಟ್ಟು ಪಟ್ಟಿಯಲ್ಲಿ ಮೊದಲನೆಯದಾದ ಬ್ಲಾಂಡಿ ತಂಡದ ‘ಕಾಲ್ ಮಿ’ ಹಾಡನ್ನು ನಿರ್ಮಿಸಿದ ಜಾರ್ಜೊ ಮೊರೊಡರ್, ಡೊನಾ ಸಮ್ಮರ್ ಅವರ ಹಾಡುಗಳ ಹಿಂದಿದ್ದ ಅದೇ ಮನುಷ್ಯ. ಆ ಬೇಸಿಗೆಯ ‘ಫಂಕಿಟೌನ್’ ನಾಲ್ಕು ವಾರ ಅಗ್ರಸ್ಥಾನದಲ್ಲಿದ್ದ ನೇರ ಡಿಸ್ಕೊ. ಸೆಪ್ಟೆಂಬರ್‌ನಲ್ಲಿ ನಾಲ್ಕು ವಾರ ಆಳಿದ ಡಯಾನಾ ರಾಸ್ ಅವರ ‘ಅಪ್‌ಸೈಡ್ ಡೌನ್’ ಶೀಕ್ ತಂಡದವರೇ ಬರೆದು ನಿರ್ಮಿಸಿದ್ದು. ಹೋದದ್ದು ಹೆಸರು. ರೇಡಿಯೊ ನಿಲಯಗಳು, ಕಂಪನಿಗಳು ‘ಡಿಸ್ಕೊ’ ಎಂಬ ಫಲಕವನ್ನು ಇಳಿಸಿದವು. ಅಂಗಡಿ ತೆರೆದೇ ಇತ್ತು.

ಕಾರ್ಯಕ್ರಮದಲ್ಲಿ ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಕಿವಿಗೇ ತೋರಿಸಿಬಿಡಿ. ‘ಗುಡ್ ಟೈಮ್ಸ್’ ಹಾಡಿನ ಬೇಸ್ ಗಿಟಾರ್ ಮೇಲೆ ಗಮನವಿಟ್ಟು ಕೇಳಿ. ಒಂದೇ ಮಂದ್ರ ಸ್ವರವನ್ನು ತಾಳಕ್ಕೆ ಸರಿಯಾಗಿ ಮೂರು ಸಲ ಮೀಟಿ, ಒಂದು ಉಸಿರು ಬಿಟ್ಟು, ಆಮೇಲೆ ಮೆಟ್ಟಿಲೇರಿದಂತೆ ಮೇಲಕ್ಕೆ ಹೋಗುತ್ತದೆ. ಬರ್ನಾರ್ಡ್ ಎಡ್ವರ್ಡ್ಸ್ ಅವರ ಕೈಚಳಕ ಅದು. ಅದೇ ಸಾಲನ್ನು ಸ್ಟುಡಿಯೊದಲ್ಲಿ ವಾದ್ಯಗಾರರಿಂದ ಮತ್ತೆ ನುಡಿಸಿ, ಅದರ ಮೇಲೆ ಮಾತು ಪೋಣಿಸಿದ್ದು ಶುಗರ್‌ಹಿಲ್ ಗ್ಯಾಂಗ್ ತಂಡದ ‘ರ‍್ಯಾಪರ್ಸ್ ಡಿಲೈಟ್’. 1979ರ ಸೆಪ್ಟೆಂಬರ್‌ನಲ್ಲಿ ಬಂದ ಅದು 1980ರ ಜನವರಿಯಲ್ಲಿ ಹಾಟ್ 100ರ 36ನೆಯ ಸ್ಥಾನಕ್ಕೆ ಏರಿತು. ಆಮೇಲೆ 1980ರ ಅಕ್ಟೋಬರ್‌ನಲ್ಲಿ ಮೂರು ವಾರ ಅಗ್ರಸ್ಥಾನದಲ್ಲಿದ್ದ ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದಿ ಡಸ್ಟ್’ ಕೇಳಿ: ಮತ್ತೆ ಅದೇ ಮೂರು ಮೀಟು, ಅದೇ ಬಿಡುವು. ಒಂದು ಡಿಸ್ಕೊ, ಒಂದು ರ‍್ಯಾಪ್, ಒಂದು ರಾಕ್. ಮೂರರ ಬೆನ್ನೆಲುಬೂ ಒಂದೇ. ಪ್ರತಿ ಹಾಡಿನಿಂದ ನಲವತ್ತು ಸೆಕೆಂಡು ಸಾಲುಸಾಲಾಗಿ ಕೇಳಿಸಿದರೆ, ಡಿಸೆಂಬರ್ 31ರ ರಾತ್ರಿ ಎಂಬ ಗೋಡೆ ಎಲ್ಲಿತ್ತು ಎಂದು ಕೇಳುಗರೇ ಹುಡುಕತೊಡಗುತ್ತಾರೆ. ನಾನು ಇದನ್ನು ಹಲವು ಸಲ ಮಾಡಿದ್ದೇನೆ. ಮೂರನೆಯದು ಶುರುವಾದಾಗ ಸಭೆಯಲ್ಲಿ ಯಾರಾದರೊಬ್ಬರು ‘ಓಹೋ’ ಎನ್ನುವುದು ಇದುವರೆಗೆ ತಪ್ಪಿಲ್ಲ.

ಹಾಗಾದರೆ ‘ಎಂಬತ್ತರ ದಶಕದ ಸದ್ದು’ ಎಂದು ನಾವೆಲ್ಲ ಗುರುತಿಸುವ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಆ ಸಿಂಥಸೈಜರ್, ತಾಳವನ್ನು ಯಂತ್ರವೇ ನುಡಿಸುವ ಆ ಡ್ರಮ್ ಮಷಿನ್, ಅದು ಯಾವಾಗ ಬಂತು? 1980ರ ಮೊದಲ ಎರಡು ತಿಂಗಳ ಅಗ್ರ ಹಾಡುಗಳಲ್ಲಿ ಅದು ಬಹುಮಟ್ಟಿಗೆ ಇಲ್ಲ. ರುಪರ್ಟ್ ಹೋಮ್ಸ್ ಅವರ ಹಗುರ ಕಥನಗೀತೆ ‘ಎಸ್ಕೇಪ್’, ಡಿಸ್ಕೊ ತಂಡವೆಂದು ಹೆಸರಾದ ಕೆಸಿ ಅಂಡ್ ದಿ ಸನ್‌ಶೈನ್ ಬ್ಯಾಂಡ್ ಹಾಡಿದ ನಿಧಾನ ಗತಿಯ ವಿರಹಗೀತೆ, ಮೈಕಲ್ ಜಾಕ್ಸನ್ ಅವರ ‘ರಾಕ್ ವಿತ್ ಯು’, ಕ್ಯಾಪ್ಟನ್ ಅಂಡ್ ಟೆನೀಲ್ ಜೋಡಿಯ ಪ್ರಣಯಗೀತೆ, ಆಮೇಲೆ ಐವತ್ತರ ದಶಕದ ಶೈಲಿಯನ್ನು ಬೇಕೆಂದೇ ಅನುಕರಿಸಿದ ಕ್ವೀನ್ ತಂಡದ ಹಾಡೊಂದು, ಇವೇ ಒಂದಾದ ಮೇಲೊಂದು ಬಂದವು. ಇವುಗಳಲ್ಲಿ ‘ಎಸ್ಕೇಪ್’ ನಿಮಗೆ ಚಿನ್ನದಂಥ ಉದಾಹರಣೆ. 1979ರ ಡಿಸೆಂಬರ್ 22ಕ್ಕೆ ಅಗ್ರಸ್ಥಾನಕ್ಕೆ ಬಂದು, ಜನವರಿ 5ಕ್ಕೆ ಸ್ಥಾನ ಬಿಟ್ಟುಕೊಟ್ಟು, ಜನವರಿ 12ಕ್ಕೆ ಮರಳಿ ಏರಿ, ಎರಡೂ ದಶಕಗಳಲ್ಲಿ ಬೇರೆಬೇರೆಯಾಗಿ ಅಗ್ರಸ್ಥಾನ ಪಡೆದ ಹಾಡು ಅದು.

ಹೊಸ ಸದ್ದಿಗೆ ಹೊಸ ಯಂತ್ರ ಬೇಕು, ಯಂತ್ರದ ಬೆಲೆ ಇಳಿಯಬೇಕು, ಅದನ್ನು ನುಡಿಸಲು ಕಲಿತವರು ಬೇಕು, ಆಮೇಲೆ ಅದು ಕೇಳುಗರ ಕಿವಿಗೆ ತಲುಪುವ ದಾರಿ ಬೇಕು. ಲಿನ್ ಎಲ್‌ಎಂ-1, ರೋಲೆಂಡ್ ಟಿಆರ್-808 ಎಂಬ ಡ್ರಮ್ ಮಷಿನ್‌ಗಳು 1980ರಲ್ಲಿ ಮಾರುಕಟ್ಟೆಗೆ ಬಂದವು. ಹಾಡುಗಳ ವಿಡಿಯೊ ತೋರಿಸಲೆಂದೇ ಹುಟ್ಟಿದ ಟಿವಿ ವಾಹಿನಿ ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ಬೇರೆ ಬೇರೆ ಕಂಪನಿಗಳ ವಾದ್ಯಯಂತ್ರಗಳು ಒಂದರ ಮಾತು ಇನ್ನೊಂದು ತಿಳಿಯುವಂತೆ ಮಾಡಿದ ಮಿಡಿ ಎಂಬ ಸಾಮಾನ್ಯ ವ್ಯವಸ್ಥೆಯೂ, ಆ ದಶಕದ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಕೇಳಿಬರುವ ಯಮಹಾ ಡಿಎಕ್ಸ್7 ಸಿಂಥಸೈಜರ್ ಕೂಡ 1983ರ ಕೂಸುಗಳು. ಎಂಬತ್ತರ ದಶಕ ಸಂಗೀತದ ಮಟ್ಟಿಗೆ ಮೂರು ವರ್ಷ ತಡವಾಗಿ ಬಂತು ಎನ್ನಲು ಅಡ್ಡಿಯಿಲ್ಲ.

ಇದು ನನ್ನೊಬ್ಬನ ಕಿವಿಯ ತೀರ್ಮಾನವಾಗಿ ಉಳಿದಿಲ್ಲ. 2015ರಲ್ಲಿ ಮಥಿಯಾಸ್ ಮಾಖ್, ಅರ್ಮಾಂಡ್ ಲೆರೋಯ್ ಮತ್ತು ಸಂಗಡಿಗರು 1960ರಿಂದ 2010ರವರೆಗಿನ ಹಾಟ್ 100ರ ಸುಮಾರು 17,000 ಹಾಡುಗಳ ತುಣುಕುಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿ, ಸ್ವರಸಂಗತಿಯೂ ನಾದಗುಣವೂ ಎಲ್ಲಿ ಥಟ್ಟನೆ ಬದಲಾದವು ಎಂದು ಹುಡುಕಿದರು. ಅವರಿಗೆ ಸಿಕ್ಕ ಮೂರು ದೊಡ್ಡ ತಿರುವುಗಳು 1964, 1983 ಮತ್ತು 1991. ಸೊನ್ನೆಯಲ್ಲಿ ಕೊನೆಯಾಗುವ ವರ್ಷ ಒಂದೂ ಇಲ್ಲ. ಮೂರರಲ್ಲಿ ಅತಿ ದೊಡ್ಡದು 1991, ರ‍್ಯಾಪ್ ಮುಂಚೂಣಿಗೆ ಬಂದ ಕಾಲ. ಇಲ್ಲಿ ನನ್ನದೊಂದು ಎಚ್ಚರಿಕೆಯ ಮಾತಿದೆ. ಬಾರ್‌ಕೋಡ್ ಎಣಿಕೆ ಹಾಟ್ 100ಕ್ಕೆ ಬಂದದ್ದೂ 1991ರಲ್ಲೇ ಎಂದು ಮೇಲೆ ಹೇಳಿದೆ. ಹಾಗಾಗಿ ಆ ವರ್ಷದ ಜಿಗಿತದಲ್ಲಿ ಸಂಗೀತ ಬದಲಾದದ್ದು ಎಷ್ಟು, ಮೊದಲೇ ಇದ್ದ ಸಂಗೀತ ಆಗ ಕಣ್ಣಿಗೆ ಬಿದ್ದದ್ದು ಎಷ್ಟು ಎಂದು ಪೂರ್ತಿ ಬೇರ್ಪಡಿಸುವುದು ಕಷ್ಟ. ವೆನಿಲಾ ಐಸ್ ಅವರ ‘ಐಸ್ ಐಸ್ ಬೇಬಿ’ 1990ರ ನವೆಂಬರ್‌ನಲ್ಲೇ ಅಗ್ರಸ್ಥಾನಕ್ಕೇರಿದ ಮೊದಲ ರ‍್ಯಾಪ್ ಹಾಡಾಗಿತ್ತು ಎಂಬುದನ್ನು ನೋಡಿದರೆ ಎರಡೂ ಸೇರಿವೆ ಎಂದೇ ತೋರುತ್ತದೆ.

ದಶಕ ತಿರುಗಿದ ದಿನವೇ ಸಂಗೀತವೂ ತಿರುಗಿತೆಂಬ ಭ್ರಮೆಗೆ ಅತಿ ಹತ್ತಿರ ಬರುವುದು 2010. ಕೇಶಾ ಅವರ ‘ಟಿಕ್ ಟಾಕ್’ ಸರಿಯಾಗಿ ಜನವರಿ 2ರ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿ ಒಂಬತ್ತು ವಾರ ಉಳಿದು ಇಡೀ ವರ್ಷದ ಮೊದಲ ಹಾಡೂ ಆಯಿತು. ವಾರದ ಪಟ್ಟಿ, ವರ್ಷದ ಪಟ್ಟಿ, ಕ್ಯಾಲೆಂಡರ್ ಮೂರೂ ಒಪ್ಪಿದ ಅಪರೂಪದ ಪ್ರಸಂಗ. ಆದರೆ ಆ ನೃತ್ಯಪ್ರಧಾನ ಪಾಪ್ ಅಲೆ ಲೇಡಿ ಗಾಗಾ ಮತ್ತು ಬ್ಲ್ಯಾಕ್ ಐಡ್ ಪೀಸ್ ಹೆಸರಿನಲ್ಲಿ 2009ರ ಉದ್ದಕ್ಕೂ ಎದ್ದಿತ್ತು. ಪೀಸ್ ತಂಡದ ಎರಡು ಹಾಡುಗಳೇ ಒಂದರ ಬೆನ್ನಿಗೊಂದು ಇಪ್ಪತ್ತಾರು ವಾರ ಅಗ್ರಸ್ಥಾನವನ್ನು ಹಿಡಿದಿದ್ದವು. ದಶಕ 1980ಕ್ಕೆ ಶುರುವೋ 1981ಕ್ಕೋ ಎಂಬ ಹಳೆಯ ತಕರಾರನ್ನು ಯಾರಾದರೂ ಎತ್ತಿದರೆ ನಕ್ಕು ಮುಂದೆ ಹೋಗಿ. ಅದು ಸಂಗೀತದ ಪ್ರಶ್ನೆಯಲ್ಲ.

ನಿಮ್ಮ ಕಿವಿಯ ಪ್ರಶ್ನೆಗೆ ಉತ್ತರ ಎರಡೂ ಹೌದು. ಹದಿಹರೆಯದಿಂದ ಇಪ್ಪತ್ತರ ನಡುವಿನವರೆಗೆ ಕೇಳಿದ ಹಾಡುಗಳು ನೆನಪಿನಲ್ಲಿ ವಿಶೇಷವಾಗಿ ಬೇರೂರುತ್ತವೆ ಎಂಬುದು ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. 1989ರಲ್ಲಿ ಹೋಲ್‌ಬ್ರುಕ್ ಮತ್ತು ಶಿಂಡ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ ಜನ ಅತಿ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು ಇಪ್ಪತ್ತಮೂರೂವರೆ ವರ್ಷವಾಗಿದ್ದಾಗ ಬಂದ ಹಾಡುಗಳನ್ನು. ಈ ಅಂಕಿಯನ್ನು ಶಿಲಾಶಾಸನವೆಂದು ತಿಳಿಯಬೇಕಿಲ್ಲ, ಆದರೆ ನಿಮ್ಮ ವಯಸ್ಸಿಗೆ ಅನ್ವಯಿಸಿದರೆ ಅದು ತೊಂಬತ್ತರ ದಶಕದ ಮಧ್ಯಕ್ಕೆ ಬರುತ್ತದೆ; 2000ದ ಮೇಲೆ ನಿಮಗೆ ಬಾಗಿಲು ಮುಚ್ಚಿದಂತೆ ಅನ್ನಿಸುವುದು ಸಹಜ. ಜೊತೆಗೆ ಕಾಲವೇ ಒಂದು ಜರಡಿ. 1980ರ ಹಾಡುಗಳೆಂದು ಇಂದು ನಾವು ಕೇಳುವುದು ನಲವತ್ತು ವರ್ಷ ಜರಡಿ ಹಿಡಿದು ಉಳಿದವನ್ನು, ಈ ವಾರದ ಹಾಡುಗಳಾದರೋ ಹೊಟ್ಟಿನ ಸಮೇತ ಕಿವಿಗೆ ಬೀಳುತ್ತವೆ. 1980ರ ಜನವರಿಯ ಯಾವುದಾದರೂ ಒಂದು ವಾರದ ಮೊದಲ ನಲವತ್ತು ಹಾಡುಗಳನ್ನು ಬಿಡದೆ ಕೇಳಿ ನೋಡಿ; ಅರ್ಧದಷ್ಟು ಏಕೆ ಮರೆತುಹೋದವು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಆದರೂ ನಿಮ್ಮ ದೂರಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಹಾಡಿನ ಮೈಕಟ್ಟು ನಿಜವಾಗಿಯೂ ಬದಲಾಗಿದೆ. ಜನಪ್ರಿಯ ಹಾಡುಗಳಲ್ಲಿ ದನಿ ಕೇಳಿಬರುವ ಮೊದಲಿನ ವಾದ್ಯದ ಪೀಠಿಕೆ 1980ರ ದಶಕದ ಮಧ್ಯದಲ್ಲಿ ಸರಾಸರಿ ಇಪ್ಪತ್ತು ಸೆಕೆಂಡಿಗೂ ಮೇಲಿದ್ದದ್ದು 2015ರ ಹೊತ್ತಿಗೆ ಐದು ಸೆಕೆಂಡಿನ ಆಸುಪಾಸಿಗೆ ಇಳಿದಿದೆ ಎಂದು ಒಂದು ಅಧ್ಯಯನ ತೋರಿಸಿದೆ. ಸ್ಪಾಟಿಫೈಯಂಥ ಸೇವೆಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಒಂದು ಕೇಳ್ಮೆ ಎಂದು ಲೆಕ್ಕ. ಅಷ್ಟರೊಳಗೆ ಬೆರಳು ಮುಂದಿನ ಹಾಡಿಗೆ ಜಾರದಂತೆ ಹಿಡಿದಿಡಬೇಕು. ಹಾಡು ಹಾಡಾಗಿ ಅರಳುವ ಮೊದಲು ಕೊಂಚ ಕಾಯಿಸುವ ಆ ಸುಖ ನಿಮಗೆ ಬೇಕಿದ್ದರೆ, ಅದು ಕಡಿಮೆಯಾಗಿರುವುದು ನಿಜ. ಅದನ್ನು ಕೆಡುಕು ಎನ್ನಬೇಕೋ ಬದಲಾವಣೆ ಎನ್ನಬೇಕೋ ಎಂಬುದು ಮಾತ್ರ ನಿಮಗೆ ಬಿಟ್ಟದ್ದು.

ಇನ್ನು ಹಾಡು ಆರಿಸುವ ದಾರಿಗಳು. ಜನವರಿಯ ಮೊದಲ ಪಟ್ಟಿಯ ಅಗ್ರ ಹಾಡನ್ನೇ ಹಿಡಿದರೆ ಯಾರೂ ತಪ್ಪು ಹಿಡಿಯಲಾರರು, ಆದರೆ ಐದು ಹಾಡುಗಳಲ್ಲಿ ಒಂದು ಕ್ರಿಸ್‌ಮಸ್ ಹಾಡು, ಉಳಿದವುಗಳಲ್ಲೂ ಹೆಚ್ಚಿನವು ಹಳೆಯ ವರ್ಷದ ಉಳಿಕೆ ಎನ್ನುವಂತಾಗಿ ನಿಮ್ಮ ಶೀರ್ಷಿಕೆಯೇ ಸಡಿಲವಾಗುತ್ತದೆ. ವರ್ಷದ ಒಟ್ಟು ಪಟ್ಟಿಯನ್ನು ಹಿಡಿದರೆ ಜನ ನಿಜವಾಗಿ ಕೇಳಿದ ಹಾಡುಗಳು ಸಿಗುತ್ತವೆ, ಆದರೆ ‘ಸ್ಮೂತ್’ನಂಥವು ಬಿರುಕಿನಲ್ಲಿ ಬಿದ್ದುಹೋಗುತ್ತವೆ. ಗೆಳೆಯರ ನೆನಪನ್ನು ಕೇಳಿ ಆರಿಸಿದರೆ ಸಭೆ ಕಳೆಗಟ್ಟುತ್ತದೆ. ಅಪಾಯವೆಂದರೆ ನೆನಪು ವರ್ಷಗಳನ್ನು ಕಲಸುತ್ತದೆ, 1983ರ ಹಾಡನ್ನು 1980ರದೆಂದು ಆಣೆಮಾಡಿ ಹೇಳುವವರು ಖಂಡಿತ ಸಿಗುತ್ತಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ರತಿ ತಿರುವಿಗೂ ಹಿಂದಿನ ವರ್ಷದ ಅಕ್ಟೋಬರ್‌ನಿಂದ ಮುಂದಿನ ಮಾರ್ಚ್‌ವರೆಗಿನ ಆರು ತಿಂಗಳನ್ನು ತೆಗೆದುಕೊಂಡು, ಅದರಿಂದ ಹಳೆಯದರ ವಾಸನೆಯ ಒಂದು ಹಾಡು, ಬರಲಿರುವುದರ ಸುಳಿವಿನ ಒಂದು ಹಾಡು ಹೀಗೆ ಜೋಡಿ ಮಾಡುತ್ತೇನೆ. 2020ಕ್ಕೆ ಕ್ಯಾರಿ ಅವರ ಹಾಡಿನ ಪಕ್ಕದಲ್ಲಿ ದಿ ವೀಕೆಂಡ್ ಅವರ ‘ಬ್ಲೈಂಡಿಂಗ್ ಲೈಟ್ಸ್’ ಇಡಬಹುದು. 2019ರ ನವೆಂಬರ್ 29ರಂದು ಬಿಡುಗಡೆಯಾಗಿ 2020ರ ಒಟ್ಟು ಪಟ್ಟಿಯಲ್ಲಿ ಮೊದಲನೆಯದಾದ ಆ ಹಾಡಿನ ಸಿಂಥಸೈಜರ್ ಸದ್ದು ನೇರವಾಗಿ ಎಂಬತ್ತರ ದಶಕದಿಂದ ಎದ್ದು ಬಂದಂತಿದೆ. ನಿಮಗೂ ಅದು ಇಷ್ಟವಾದೀತು. ಈ ಆಯ್ಕೆಗೂ ಒಂದು ಅಪಾಯವಿದೆ: ಏಕೆ ಇದನ್ನೇ ಆರಿಸಿದಿರಿ ಎಂಬ ಪ್ರಶ್ನೆಗೆ ಪಟ್ಟಿಯನ್ನು ತೋರಿಸಿ ಪಾರಾಗಲು ಬರುವುದಿಲ್ಲ, ನೀವೇ ಉತ್ತರಿಸಬೇಕು. ಆದ್ದರಿಂದ ಪ್ರತಿ ಹಾಡಿನ ಮುಂದೆ ಬಿಡುಗಡೆಯ ತಿಂಗಳು, ಅಗ್ರಸ್ಥಾನಕ್ಕೆ ಬಂದ ವಾರ ಎರಡನ್ನೂ ಬರೆದಿಟ್ಟುಕೊಳ್ಳಿ.

ಕೊನೆಗೆ ಕೈಸುಟ್ಟುಕೊಂಡವನ ಒಂದು ಮಾತು. ಸ್ಟ್ರೀಮಿಂಗ್ ಸೇವೆಗಳಲ್ಲಿ ಹಾಡಿನ ಪಕ್ಕ ಕಾಣುವ ವರ್ಷವನ್ನು ನಂಬಬೇಡಿ. ಅನೇಕ ಸಲ ಅದು ಮರುಬಿಡುಗಡೆಯ ಅಥವಾ ಸಂಕಲನದ ವರ್ಷವಾಗಿರುತ್ತದೆ. ಹಳೆಯ ಗಾಯಕರು ದಶಕಗಳ ನಂತರ ಅದೇ ಹಾಡನ್ನು ಮತ್ತೆ ಧ್ವನಿಮುದ್ರಿಸಿಕೊಂಡಿರುವುದೂ ಉಂಟು. ಹೆಸರು, ಗಾಯಕ ಎರಡೂ ಒಂದೇ ಆದ್ದರಿಂದ ಮೋಸಹೋಗುವುದು ಸುಲಭ. 1980ರ ವಿಶೇಷವೆಂದು ನಾನೊಮ್ಮೆ ಅಂಥದ್ದೊಂದನ್ನು ಪ್ರಸಾರಕ್ಕೆ ಕೊಟ್ಟಿದ್ದೆ. ಡ್ರಮ್ಮಿನ ಸದ್ದು ಅಷ್ಟು ನುಣುಪಾಗಿ ಆ ಕಾಲದಲ್ಲಿ ಬರಲು ಸಾಧ್ಯವೇ ಎಂದು ಒಬ್ಬ ಕೇಳುಗರು ಒಂದೇ ಸಾಲಿನ ಪತ್ರ ಬರೆದರು. ಕೇಳಿ ನೋಡಿದರೆ ಅವರ ಮಾತು ನಿಜವಾಗಿತ್ತು. ಮೂಲ ಮುದ್ರಿಕೆಯ ಅವಧಿಯನ್ನು ಹುಡುಕಿ ಹೋಲಿಸಿ. ವ್ಯತ್ಯಾಸವಿದ್ದರೆ ಅದು ಮರುಮುದ್ರಣವೋ, ಸಿಂಗಲ್ ಮತ್ತು ಆಲ್ಬಂ ಪ್ರತಿಗಳ ನಡುವಿನ ಭೇದವೋ ಎಂದು ತಿಳಿದುಕೊಂಡೇ ಬಳಸಿ. ‘ರ‍್ಯಾಪರ್ಸ್ ಡಿಲೈಟ್’ ಹಾಡಿನ ಪೂರ್ಣ ಪ್ರತಿ ಹದಿನಾಲ್ಕು ನಿಮಿಷಕ್ಕೂ ಹೆಚ್ಚಿದೆ ಎಂಬುದನ್ನು ಎರಡು ಗಂಟೆಯ ಲೆಕ್ಕ ಹಾಕುವಾಗ ಮರೆಯಬೇಡಿ.